ಫೆಲೋ ಭಾವನ ಮಡಿ

ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ನಲವತ್ತು ಹತ್ತಿರ ಬಂದರೂ ಓದು ಮುಗಿಸದ ಮಹಾನುಭಾವರು! ಬೆಂಗಳೂರಿನಲ್ಲಿ ಡಾಕ್ಟರಾದರು. ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ರೆಸಿಡೆನ್ಸಿ ಎಂದು ಮತ್ತೆ ಮೊದಲಿನಿಂದ ಶುರುಮಾಡಿದರು. ಅದು ಮುಗಿಯಿತು ಎನ್ನುವಾಗ ಸಾಂಕ್ರಾಮಿಕ ರೋಗಗಳ ಫೆಲೋಶಿಪ್ಪು, ಜೊತೆಗೆ ಕ್ಷಯದ ಮೇಲೆ ರಿಸರ್ಚು. ಸ್ಯಾನ್ ಹೊಸೆಯಲ್ಲಿ ಕಾಲೇಜು ಬಿಟ್ಟ ಹುಡುಗರೂ ಡಾಟ್ ಕಾಮ್ ತೆರೆದು ಪ್ರೆಸಿಡೆಂಟ್ ಆಗುತ್ತಿದ್ದ ಕಾಲದಲ್ಲಿ ಇವರು ಇನ್ನೂ 'ಫೆಲೋ'. ನಮ್ಮ ಕಡೆ ಅದು ಬೈಗುಳ ಎಂದು ಒಳಗೊಳಗೇ ಖುಷಿಪಟ್ಟಿದ್ದೆ.

ಆ ಖುಷಿಯನ್ನು ಅತ್ತೆ ಉಳಿಸಬೇಕಲ್ಲ? ಮೈಸೂರಿನಿಂದ ಬಂದ ನಮ್ಮತ್ತೆ ಮಹಾ ಮಡಿ. ನಮ್ಮ ಮನೆಗೆ ಬಂದ ದಿನವೇ, ಅವರನ್ನು ಕಾಣಲು ಬಂದಿದ್ದ ಭಾವ ಕೈ ತೊಳೆಯುವುದನ್ನು ನೋಡಿದರು. ಮೊಣಕೈವರೆಗೆ ಸೋಪು, ಬೆರಳ ಸಂದಿಗಳಿಗೆ ಪ್ರತ್ಯೇಕ ವಿಚಾರಣೆ, ಕೊನೆಗೆ ನಲ್ಲಿಯನ್ನೂ ಮೊಣಕೈಯಿಂದಲೇ ನಿಲ್ಲಿಸುವುದು.

"ಅಮೆರಿಕಕ್ಕೆ ಬಂದ್ರೂ ಮಡಿ ಬಿಟ್ಟಿಲ್ಲ ದೊಡ್ಡಳಿಯಂದ್ರು. ನೋಡಿ ಕಲೀರಿ," ಎಂದರು ನನಗೆ.

"ಅತ್ತೆ, ಅದು ಮಡಿಯಲ್ಲ, ಇನ್ಫೆಕ್ಷನ್ ಭಯ."

"ನಮ್ದೂ ಅದೇ ಅಲ್ವೇ ಮತ್ತೆ?"

ಭಾನುವಾರ ಅತ್ತೆಯನ್ನು ಲಿವರ್‌ಮೋರ್ ದೇವಸ್ಥಾನಕ್ಕೆ ಕರೆದೊಯ್ಯುವವನು ನಾನು. ಭಾವ "ಕಲ್ಚರ್ ನೋಡ್ಬೇಕು" ಎಂದು ಲ್ಯಾಬಿಗೆ ಹೋಗಿಬಿಡುತ್ತಿದ್ದರು. "ರಜಾ ದಿನಾನೂ ಕಲ್ಚರ್ ಬಿಡಲ್ಲ ನೋಡಿ ಅವ್ರು," ಎಂದು ಅತ್ತೆ ದಾರಿಯುದ್ದಕ್ಕೂ ಹೊಗಳುತ್ತಿದ್ದರು. ಆ ಕಲ್ಚರ್ ಎಂದರೆ ರೋಗಿಗಳ ಕಫದಿಂದ ಬೆಳೆಸಿದ ಕ್ರಿಮಿ ಎಂದು ಹೇಳಿಬಿಡಲು ನನ್ನ ನಾಲಿಗೆ ತುರಿಸುತ್ತಿತ್ತು. ಹೊಟ್ಟೆ ಉರಿದುಕೊಂಡೇ ಫ್ರೀವೇ ದಾಟುತ್ತಿದ್ದೆ.

ಒಮ್ಮೆ ಮಗನ ಡೇಕೇರ್‌ನಲ್ಲಿ, ಸಹಾಯಕ್ಕೆ ಬರುವ ಅಪ್ಪ ಅಮ್ಮಂದಿರು ಕ್ಷಯದ ಪರೀಕ್ಷೆ ಮಾಡಿಸಲೇಬೇಕೆಂದರು. ತೋಳಿಗೆ ಚುಚ್ಚಿಸಿಕೊಂಡೆ. ಎರಡು ದಿನಕ್ಕೆ ಅಲ್ಲಿ ಗಟ್ಟಿಯಾಗಿ ಊದಿಕೊಂಡಿತು, ಅಂದರೆ ಮೈಯೊಳಗೆ ಕ್ಷಯದ ಕ್ರಿಮಿ ಇದೆ ಎಂದರ್ಥ. ಎಕ್ಸ್‌ರೇ ತೆಗೆಸಿ, ಭಾವನಿಗೆ ಕಳಿಸಿ, ಕಾಯುತ್ತ ಕೂತೆ. ಅಷ್ಟರಲ್ಲಿ ಅತ್ತೆ ನನ್ನ ತಟ್ಟೆ ಲೋಟ ಬೇರೆ ಇಟ್ಟರು. ಮಗನನ್ನು ನನ್ನ ಹತ್ತಿರ ಬಿಡಲಿಲ್ಲ. ಅವರನ್ನು ದೂರುವುದು ಹೇಗೆ? ಮಗುವಿನ ಕೆನ್ನೆ ಮುಟ್ಟಲು ನನಗೇ ಹೆದರಿಕೆಯಾಗಿತ್ತು.

ಸಂಜೆ ಭಾವ ಬಂದಾಗ ನಾನು ಮೂಲೆಯಲ್ಲಿ ಒಬ್ಬನೇ ಕೂತು ಹುಳಿಯನ್ನ ಕಲಸುತ್ತಿದ್ದೆ.

"ಎಕ್ಸ್‌ರೇ ಕ್ಲೀನ್ ಇದೆ ಕಣೋ. ಕ್ರಿಮಿ ಒಳಗೆ ನಿದ್ದೆ ಮಾಡ್ತಿದೆ, ಅಷ್ಟೆ. ಯಾರಿಗೂ ಹರಡಲ್ಲ. ಕೆಲವು ತಿಂಗಳು ಮಾತ್ರೆ ತಗೋ," ಎಂದರು.

ಮಗನನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಅತ್ತೆ ನಂಬಿದಂತೆ ಕಾಣಲಿಲ್ಲ. ಭಾವ ನನ್ನ ಪಕ್ಕ ಕೂತು, ನನ್ನ ತಟ್ಟೆಗೇ ಕೈಹಾಕಿ ಒಂದು ತುತ್ತು ಬಾಯಿಗಿಟ್ಟುಕೊಂಡರು.

"ಅಯ್ಯೋ, ಎಂಜಲು..." ಅತ್ತೆ ತಡವರಿಸಿದರು.

"ಉಪ್ಪು ಸ್ವಲ್ಪ ಕಮ್ಮಿ ಅತ್ತೆ," ಎಂದು ಭಾವ ಇನ್ನೊಂದು ತುತ್ತು ತೆಗೆದುಕೊಂಡರು.

ಅತ್ತೆ ಮಗನನ್ನು ಮೆಲ್ಲಗೆ ಕೆಳಗಿಳಿಸಿದರು. ಅವನು ಓಡಿಬಂದು ನನ್ನ ತೊಡೆಯೇರಿ ಕೂತ. ನನಗೆ ಅಳು ತಡೆಯಲಾಗಲಿಲ್ಲ.