ಊರಿನವರ ಜೊತೆ ನಾಲ್ಕು ಮಾತು

ಗುಮಾಸ್ತನ ಗ್ರಹಚಾರ ಕೆಟ್ಟದ್ದು ಒಂದು ಕುಶಲಪ್ರಶ್ನೆಯಿಂದ.

ಅವನ ಆಫೀಸಿನಲ್ಲಿ ಹೊಸದಾಗಿ ಪೋರ್ಚುಗೀಸ್ ವಿಭಾಗ ಶುರುವಾಗುವುದಿತ್ತು. ಅದರ ಮುಖ್ಯಸ್ಥನ ಕುರ್ಚಿ ಯಾರಿಗೆ ಬೇಕು ಅಂತ ಸಾಹೇಬರು ಕೇಳಿದಾಗ, ಪಕ್ಕದ ಮೇಜಿನವನು ಕೈ ಎತ್ತುವ ಮೊದಲೇ ಇವನು ಎತ್ತಿಬಿಟ್ಟ. ಬೇಸಿಗೆಯಿಡೀ ಪರದೇಶದಲ್ಲಿದ್ದು ಆ ಭಾಷೆ, ಅಲ್ಲಿನ ರೀತಿನೀತಿ ಕಲಿತು ಪಾಸಾಗಿ ಬಂದರೆ ಕುರ್ಚಿ ಇವನದು. ಫೇಲಾದರೆ ಪಕ್ಕದ ಮೇಜಿನವನದು. ಇವನು ವಿಮಾನ ಹತ್ತುವ ಮೊದಲೇ ಹೆಂಡತಿ ಓಣಿಗೆಲ್ಲ "ನಮ್ಮೆಜಮಾನ್ರು ಈಗ ಆಫೀಸರ್ರು" ಅಂತ ಸಾರಿಯಾಗಿತ್ತು.

ಈಗ ಬೇಸಿಗೆ ಮುಗಿಯುವ ಮೊದಲೇ ಪರೀಕ್ಷೆಯ ದಿನ ಬಂದಿತ್ತು. ಕಲಿತದ್ದೆಷ್ಟು ಅಂತ ಮಾತ್ರ ಕೇಳಬೇಡಿ. ಟೀಚರಮ್ಮ ಕ್ರಿಯಾಪದ ಶುರು ಮಾಡಿದರೆ ಸಾಕು, ಇವನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

"ಬರೆಯೋದೇನೂ ಇಲ್ಲ," ಅಂದಳು ಟೀಚರಮ್ಮ, ಇವನಿಗೆ ತಿಳಿಯಲೆಂದು ಇಂಗ್ಲಿಷಿನಲ್ಲಿ. "ಬೀದಿಗೆ ಹೋಗಿ ಈ ಊರಿನೋರ ಜೊತೆ ನಾಲ್ಕು ಮಾತಾಡಿ. ಮೂರು ಜನ ಸಾಕು. ಸಂಜೆ ನಿಮ್ಮ ರೂಮಿಗೇ ಬರ್ತೀನಿ. ಆ ಮೂವರೂ ಅಲ್ಲಿದ್ದು, ನಿಮ್ಮ ಜೊತೆ ಮಾತಾಡಿದ್ವಿ ಅಂತ ನನ್ನೆದುರಿಗೆ ಹೇಳಬೇಕು."

ರೂಮಿಗೆ ಯಾರೂ ಬರಕೂಡದು ಅಂತ ಕೆಳಗಿನ ಮನೆಯ ಓನರಮ್ಮ ಮೊದಲ ದಿನವೇ ತಾಕೀತು ಮಾಡಿದ್ದಳು. ಆಕೆ ಬೆರಳಾಡಿಸಿದ ರೀತಿಗೆ ವ್ಯಾಕರಣದ ಅಗತ್ಯವೇ ಇರಲಿಲ್ಲ. ಗುಮಾಸ್ತ ಹೆಂಡತಿಗೆ ಫೋನ್ ಹಚ್ಚಿದ.

"ಗುರುತಿಲ್ಲದೋರ ಹತ್ರ ಏನಂತ ಮಾತಾಡ್ಲೇ?"

"ಮನುಷ್ಯರ ಹತ್ರ ಏನು ಮಾತಾಡ್ತಾರೆ? ಊಟ ಆಯ್ತಾ ಅಂತ ಕೇಳಿ. ಮುಂದೆ ತಾನಾಗೇ ಹೋಗುತ್ತೆ."

ಹೋಯಿತು. ಸಿಕ್ಕಾಪಟ್ಟೆ ದೂರ ಹೋಯಿತು.

ಆ ಎರಡು ಪದಗಳ ಪೋರ್ಚುಗೀಸನ್ನು ಬಾಯಿಪಾಠ ಮಾಡಿಕೊಂಡು ಬೀದಿಗಿಳಿದ. ಎದುರಿಗೊಬ್ಬ ಹೊಟ್ಟೆಯಪ್ಪ ಬರುತ್ತಿದ್ದ, ಒಂದು ನಾಯಿ ಅವನನ್ನು ಎಳೆದುಕೊಂಡು ಬರುತ್ತಿತ್ತು. ಗುಮಾಸ್ತ ಹಲ್ಲು ಕಿರಿದು ಕೇಳಿಯೇಬಿಟ್ಟ. ಹೊಟ್ಟೆಯಪ್ಪನ ಮುಖ ಅರಳಿತು.

"ಇಲ್ಲ. ನಿಮ್ಮ. ಮನೆ. ಎಲ್ಲಿ?"

ಎಷ್ಟು ಬಿಡಿಬಿಡಿಯಾಗಿ ಮಾತಾಡುತ್ತಾನೆ ಈ ಊರಿನವನು, ನಮ್ಮ ಟೀಚರಮ್ಮನಿಗೇ ಅವಸರದ ರೋಗ, ಅಂದುಕೊಂಡು ಗುಮಾಸ್ತ ಖುಷಿಯಿಂದ ತನ್ನ ಕಿಟಕಿ ತೋರಿಸಿದ.

"ಎಂಟು. ಗಂಟೆಗೆ. ಬರುತ್ತೇನೆ."

ಗುಮಾಸ್ತ ಬೆಚ್ಚಿದ. ಕುಶಲ ಕೇಳಿದರೆ ಎಲೆ ಹಾಕಿಸಿಕೊಳ್ಳಲು ಬರುತ್ತಾನಲ್ಲ, ಎಂಥ ಪುಣ್ಯಾತ್ಮ. ಆದರೆ ಹೇಗೂ ಸಾಕ್ಷಿಗೆ ಜನ ಬೇಕಿತ್ತು, ಹೂಂಗುಟ್ಟಿದ. ಬಾಲ್ಕನಿಯ ಗಿಡಕ್ಕೆ ನೀರು ಹಾಕುತ್ತಿದ್ದ ಹೆಂಗಸು ಅರ್ಧ ನೀರನ್ನು ಇವನ ತಲೆಗೆ ಹಾಕಿದಳು. ತಲೆ ಒರೆಸಿಕೊಳ್ಳುತ್ತಲೇ ಅದೇ ಪ್ರಶ್ನೆ ಕೇಳಿದ, ಅವಳೂ ಬರುತ್ತೇನೆಂದಳು. ಮೂಲೆಯಲ್ಲಿ ಸೈಕಲ್ಲು ಬಿಚ್ಚಿಕೊಂಡು ಕೂತಿದ್ದ ಗಡ್ಡದವನಂತೂ ಎದ್ದು ಬಂದು ಇವನನ್ನು ತಬ್ಬಿಕೊಂಡು, ಕಪ್ಪು ಗ್ರೀಸನ್ನೆಲ್ಲ ಅಂಗಿಗೆ ಹಚ್ಚಿದ.

ಸಂಜೆ ಒಂದೇ ಒಲೆ, ಒಂದೇ ಪಾತ್ರೆ. ಗುಮಾಸ್ತ ಮನೆಯಲ್ಲಿ ನೀರು ಕಾಯಿಸಿದವನಲ್ಲ. ಫೋನಿನಲ್ಲಿ ಹೆಂಡತಿಯ ಉಸ್ತುವಾರಿ ನಡೆದಿತ್ತು.

"ಉಪ್ಪು ಹಾಕಿದ್ರಾ?"

"ಎರಡು ಸಲ."

"ತಳ ಕೆದಕಿದ್ರಾ?"

"ತಳ ಬಿಟ್ಟು ಬರ್ತಾ ಇಲ್ಲ ಕಣೇ."

ಎಂಟಕ್ಕೆ ಸರಿಯಾಗಿ ಮೂವರೂ ಬಂದರು. ಓನರಮ್ಮನಿಗೆ ಕೇಳಿಸದ ಹಾಗೆ ಚಪ್ಪಲಿ ಕೈಯಲ್ಲಿ ಹಿಡಿಸಿ ಮೆಟ್ಟಿಲು ಹತ್ತಿಸಿದ. ನಾಯಿಯ ಬಾಯಿ ಮುಚ್ಚಿಸುವುದು ಮಾತ್ರ ಆಗಲಿಲ್ಲ. ಅಷ್ಟರಲ್ಲಿ ಟೀಚರಮ್ಮನೂ ಬಂದಳು. ಮಂಚದ ಮೇಲೆ ಸಾಲಾಗಿ ಕೂತ ಮೂರು ತಲೆ ನೋಡಿ ಮೆಚ್ಚಿಗೆಯಿಂದ ತಲೆದೂಗಿ, ಅವರನ್ನು ಸರಸರನೆ ಏನೋ ಕೇಳಿದಳು. ಗುಮಾಸ್ತನಿಗೆ ಕುರ್ಚಿ ಕಣ್ಣ ಮುಂದೆಯೇ ಇತ್ತು.

ಮೂವರೂ ಪರಸ್ಪರ ಮುಖ ನೋಡಿಕೊಂಡರು. ಕೊನೆಗೆ ಹೊಟ್ಟೆಯಪ್ಪ ಎದ್ದು ನಿಂತು, ಕೈ ಕಟ್ಟಿಕೊಂಡು ಒಪ್ಪಿಸಿದ: "ನಮಸ್ಕಾರ. ನಾನು ಒಬ್ಬ ವಿದ್ಯಾರ್ಥಿ. ನಾನು ಪೋರ್ಚುಗೀಸ್ ಕಲಿಯುತ್ತಿದ್ದೇನೆ. ಇದು ಒಂದು ನಾಯಿ."

ಗುಮಾಸ್ತನಿಗೆ ತಿಳಿದಿದ್ದ ಏಕೈಕ ಪಾಠ ಅದು. ಮೊದಲನೆಯ ಪಾಠ.

"ನಾನೂ ವಿದ್ಯಾರ್ಥಿನಿ," ಅಂದಳು ಬಾಲ್ಕನಿಯವಳು.

"ನಾನೂ," ಅಂದ ಗಡ್ಡದವನು.

"ನೀವು ಈ ಊರಿನೋರಲ್ವಾ?" ಗುಮಾಸ್ತ ಪೋರ್ಚುಗೀಸ್ ಬಿಟ್ಟು ಇಂಗ್ಲಿಷಿಗೆ ಇಳಿದ. "ಮತ್ತೆ ಆ ನಾಯಿ?"

"ಬಾಡಿಗೆ ಮನೆ ಜೊತೆ ಬಂದಿದ್ದು," ಅಂದ ಹೊಟ್ಟೆಯಪ್ಪ, ತಾನೂ ಸಲೀಸಾದ ಇಂಗ್ಲಿಷಿನಲ್ಲಿ. "ಈ ಊರಿನೋರ ಮನೇಲಿ ಒಂದು ಊಟ ಮಾಡಿ ಅಂತ ನಮ್ಮ ಶಾಲೇಲಿ ಪರೀಕ್ಷೆ ಇಟ್ಟಿದಾರೆ. ನೀವು ಅಷ್ಟು ಸಲೀಸಾಗಿ ಕರೆದ್ರಿ, ಇಲ್ಲಿಯವರೇ ಅಂದ್ಕೊಂಡೆ." ಉಳಿದಿಬ್ಬರೂ ನಾವೂ ಅಷ್ಟೇ ಅಂತ ತಲೆಯಾಡಿಸಿದರು.

ಟೀಚರಮ್ಮ ನಗು ತಡೆದುಕೊಂಡಳು. "ಬೇಸಿಗೇಲಿ ಈ ಬೀದಿಯೋರೆಲ್ಲ ಮನೆಗಳನ್ನ ನಿಮ್ಮಂಥೋರಿಗೆ ಬಾಡಿಗೆಗೆ ಬಿಟ್ಟು ಸಮುದ್ರದ ಕಡೆ ಹೋಗಿರ್ತಾರೆ. ಈಗ ಇಲ್ಲಿ ಊರಿನೋರು ಅಂತ ಇರೋದು ಒಬ್ಬರೇ."

ಆ ಒಬ್ಬರು ಬಾಗಿಲಲ್ಲೇ ನಿಂತಿದ್ದರು. ನಾಯಿಯ ಬೊಗಳಾಟಕ್ಕೂ ತಳ ಹತ್ತಿದ ಹೊಗೆಗೂ ಓಡಿ ಬಂದ ಓನರಮ್ಮ ಗುಮಾಸ್ತನಿಗೆ ಅಚ್ಚ ಪೋರ್ಚುಗೀಸಿನಲ್ಲಿ ಮಂಗಳಾರತಿ ಎತ್ತಿದಳು. ಅವನಿಗೆ ಒಂದಕ್ಷರ ತಿಳಿಯಲಿಲ್ಲ, ಒಂದಕ್ಷರ ತಿರುಗಿ ಹೇಳಲೂ ಆಗಲಿಲ್ಲ. ಆಮೇಲೆ ಆಕೆ ಪಾತ್ರೆಯ ಮುಚ್ಚಳ ತೆಗೆದು ಮೂಸಿದಳು. ಮಂಚದ ಮೇಲಿನ ಮೂವರನ್ನು ನೋಡಿದಳು. ತಾಯಿಕರುಳು ಚುರ್ರೆಂದಿರಬೇಕು, ಮೂವರನ್ನೂ ಕೈಹಿಡಿದು ಕೆಳಗೆ ತನ್ನ ಮನೆಗೆ ಊಟಕ್ಕೆ ಕರೆದೊಯ್ದಳು. ನಾಯಿಯನ್ನೂ ಬಿಡಲಿಲ್ಲ. ಹಿಂದೆಯೇ ಹೊರಟ ಗುಮಾಸ್ತನಿಗೆ ಮಾತ್ರ ಬೆರಳು ತೋರಿಸಿ, ಪಾತ್ರೆ ತಿಕ್ಕಲು ನಿಲ್ಲಿಸಿದಳು.

"ಊರಿನೋರ ಮನೆಯೂಟ," ಅಂದಳು ಟೀಚರಮ್ಮ ಮೆಟ್ಟಿಲಿಳಿಯುತ್ತ. "ಆ ಮೂವರ ಶಾಲೆಗೆ ನಾನೇ ಹೇಳಿ ಪಾಸು ಮಾಡಿಸ್ತೀನಿ. ನೀವು ಮುಂದಿನ ಬೇಸಿಗೆಗೆ ಬನ್ನಿ."

ಕೆಳಗೆ ತಟ್ಟೆ, ಚಮಚಗಳ ಸದ್ದು, ನಗು. ಮೇಲೆ ಗುಮಾಸ್ತ ಮೊಣಕೈ ತನಕ ಮಸಿ ಮಾಡಿಕೊಂಡು ತಳ ಕೆರೆಯುತ್ತಿದ್ದಾಗ ಫೋನು ಬಂತು.

"ಏನಾಯ್ತ್ರೀ? ಪಕ್ಕದ ಮನೆಯೋರೆಲ್ಲ ನಡುರಾತ್ರೀಲೂ ನಿದ್ದೆಗೆಟ್ಟು ಇಲ್ಲೇ ಕೂತಿದಾರೆ, ಕೇಳ್ತಿದಾರೆ."

"ಮೂರು ಜನ ಪಾಸಾದ್ರು," ಅಂದ ಗುಮಾಸ್ತ.

"ನೋಡಿದ್ರಾ, ನಾನು ಹೇಳಿರಲಿಲ್ವಾ?" ಅಂತ ಆಕೆ ಯಾರಿಗೋ ಹೇಳಿದ್ದು ಕೇಳಿಸಿತು. ಆಮೇಲೆ ಇತ್ತ ತಿರುಗಿ, "ಮೂವರಲ್ಲಿ ನೀವು ಎಷ್ಟನೆಯವರು?"

"ನಾಲ್ಕನೆಯವನು," ಅಂದ.