ಕೆಳಗೆ ಹಸಿರು, ಮೇಲೆ ಕೆಂಪು

ಹುತ್ತೂರಿನ ಬೈರಮ್ಮನಿಗೆ ಒಂಬತ್ತು ರೇಷ್ಮೆ ಬೆಳೆಯ ಕೂಲಿ ಇನ್ನೂ ಬಾಕಿ ಇದೆ. ಕೊಡಬೇಕಾದವನು ಅವಳ ಗಂಡ ಚನ್ನರಾಯಪ್ಪ. ಕೋಲಾರದಿಂದ ಮುಳಬಾಗಿಲಿನವರೆಗೆ ಯಾವ ಜಮೀನುದಾರ ಯಾವ ಆಳಿನ ಕೂಲಿ ಮುರಿದಿದ್ದಾನೆಂದು ಬಾಯಿಪಾಠ ಒಪ್ಪಿಸಬಲ್ಲ ಹೋರಾಟಗಾರ. ಮನೆಯ ಲೆಕ್ಕ ಮಾತ್ರ ಆ ಬಾಯಿಗೆ ಬಂದದ್ದಿಲ್ಲ.

ಎಂಬತ್ತೆರಡರಲ್ಲಿ, ಅವಳ ಎಂಟು ಬೆಳೆಯ ಗೂಡು ಮಾರಿದ ದುಡ್ಡಿನಲ್ಲಿ ಅವನೊಂದು ಹಳೇ ಆಸ್ಟಿನ್ ಕಾರು ತಂದ. ಸಂಘಟನೆಗೆ ಎಂದ. (ಸಂಘಟನೆ ಅಲ್ಲಿಯವರೆಗೆ ಬಸ್ಸಿನಲ್ಲಿ ಓಡಾಡಿಕೊಂಡು ಚೆನ್ನಾಗಿಯೇ ಇತ್ತು.) ಬರುವ ಭಾನುವಾರ ಮಾಲೂರಿನಲ್ಲಿ ಕೂಲಿಕಾರರ ಸಮಾವೇಶ. ಅಷ್ಟರೊಳಗೆ ಕಾರಿಗೆ ಎರಡು ಬಣ್ಣ ಹೊಡೆಸಿ ಅದರಲ್ಲೇ ಹೋಗಿ ಇಳಿಯಬೇಕೆಂಬುದು ಅವನ ಐತಿಹಾಸಿಕ ಸಂಕಲ್ಪ. ಪ್ರಜಾಪ್ರಭುತ್ವವಾದಿಯಾದ್ದರಿಂದ ಹೆಂಡತಿಯನ್ನೂ ಕೇಳಿದ.

"ಕೆಳಗೆ ಹಸಿರು, ಮೇಲೆ ಕೆಂಪು. ರೈತ ಬಂದ, ಕೂಲಿಯವನು ಬಂದ. ಏನಂತೀಯ?"

"ಕೆಳಗೆ ಸಗಣಿ ಬಣ್ಣ, ಮೇಲೆ ಧೂಳಿನ ಬಣ್ಣ ಹೊಡೆಸು. ಆರು ತಿಂಗಳಿಗೆ ಆಗೋದು ಅದೇ."

"ನಿಂಗೆ ಸಿದ್ಧಾಂತ ಅರ್ಥ ಆಗಲ್ಲ ಕಣೇ."

"ರೈತ ಬಂದ, ಕೂಲಿಯೋನು ಬಂದ. ಹೆಂಡ್ತೀದು ಯಾವ ಬಣ್ಣ?"

"ನೀನು ಒಳಗೆ ಕೂರ್ತೀಯಲ್ಲ."

"ಯಾವುದಾನ ಬಳ್ಕೊ. ಹುಳ ಚಂದ್ರಿಕೆ ಹತ್ತೋವರ್ಗೂ ಮನೆ ಹತ್ರ ಬಣ್ಣದ ಡಬ್ಬಿ ಮುಚ್ಚಳ ತೆಗೀಬಾರ್ದು."

ಹುಳ ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದು ಸೊಪ್ಪು ಮುಕ್ಕುತ್ತಿದ್ದ ಕಾಲ. ಇನ್ನೆರಡು ದಿನ ಕಳೆದರೆ ಹಣ್ಣಾಗಿ ಬಿದಿರಿನ ಚಂದ್ರಿಕೆಯ ಮೇಲೆ ಗೂಡು ಕಟ್ಟುತ್ತವೆ. ಆ ಮನೆಗೆ ಬೀಡಿ ಸೇದಿದವನನ್ನು ಬಿಡುವಂತಿಲ್ಲ. ವಾಸನೆಗೆ ನಂಜು ತಗಲುತ್ತದೆಂದು ಬೈರಮ್ಮ ಒಗ್ಗರಣೆಯನ್ನೂ ನಿಲ್ಲಿಸಿದ್ದಳು. ಚನ್ನರಾಯಪ್ಪ ಹದಿನೈದು ದಿನದಿಂದ ಒಗ್ಗರಣೆಯಿಲ್ಲದ ಸಾರು ತಿಂದು ಹುತಾತ್ಮನಾಗಿದ್ದ.

ಆದರೆ ಸಮಾವೇಶ ಹುಳಕ್ಕಾಗಿ ಕಾಯುತ್ತದೆಯೇ? ಶುಕ್ರವಾರ ಬೆಳಿಗ್ಗೆ ಅವಳು ಸೊಪ್ಪಿಗೆ ಹೋದದ್ದೇ ತಡ, ಕೋಲಾರದ ಪೇಂಟರ್ ಮುನಿಶಾಮಿ ಅಂಗಳಕ್ಕೆ ಬಂದ. ಅವನ ಕೂಲಿಯೂ ಈ ಬೆಳೆ ಮಾರಿದ ಮೇಲೆಯೇ.

"ಅಣ್ಣಾ, ಹುಳ ಸಾಕೋ ಮನೆ. ತಿನ್ನರ್ ವಾಸ್ನೆ ಆಗಲ್ಲ."

ಚನ್ನರಾಯಪ್ಪ ಬೆರಳು ನೆಕ್ಕಿ ಗಾಳಿಗೆ ಹಿಡಿದ. "ಗಾಳಿ ಆ ಕಡೆ ಹೋಗ್ತಿದೆ ಕಣೋ. ಹೊಡಿ."

ಗಾಳಿ ಯಾವ ಸಂಘದ ಸದಸ್ಯನೂ ಅಲ್ಲ. ಮುನಿಶಾಮಿ ಇಡೀ ಕಾರಿಗೆ ತುಕ್ಕು ಹಿಡಿಯದಂತೆ ಕೆಮ್ಮಣ್ಣಿನ ಬಣ್ಣದ ಅಸ್ತರಿ ಹೊಡೆದು, ಕೆಳಭಾಗಕ್ಕೆ ಹಸಿರು ಮುಗಿಸುವಷ್ಟರಲ್ಲಿ ಗಾಳಿ ಮನೆಯ ಕಡೆ ತಿರುಗಿತ್ತು. ಸೊಪ್ಪಿನ ಹೊರೆ ಹೊತ್ತು ಬಂದ ಬೈರಮ್ಮ ಬಾಗಿಲಲ್ಲೇ ನಿಂತಳು. ಹುಳಗಳು ತಲೆ ಎತ್ತಿ ಒಲೆಯುತ್ತಿದ್ದವು. ಸಂಜೆಗೆ ಹಸಿರು ನೀರು ಕಕ್ಕಿದವು. ಕಾರಿನ ಹಸಿರಿಗೂ ಅದಕ್ಕೂ ಅಂಥ ವ್ಯತ್ಯಾಸವೇನೂ ಇರಲಿಲ್ಲ. ಮರುದಿನ ಅವಳು ಇಡೀ ಬೆಳೆಯನ್ನು ಮಂಕರಿಯಲ್ಲಿ ಹೊತ್ತು ತಿಪ್ಪೆಗೆ ಸುರಿದಳು. ಏಳು ಮಂಕರಿ. ಅಳಲಿಲ್ಲ. ಚನ್ನರಾಯಪ್ಪನಿಗೆ ಹೆದರಿಕೆಯಾದದ್ದು ಅದಕ್ಕೇ.

ಭಾನುವಾರ ಬಿಳಿ ಅಂಗಿ ತೊಟ್ಟು ಹೊರಗೆ ಬಂದರೆ ಕಾರಿನ ಮೂತಿಗೆ ಅಡ್ಡಲಾಗಿ, ಹುಳದ ಖಾಲಿ ತಟ್ಟೆ ಹರಡಿಕೊಂಡು ಬೈರಮ್ಮ ಕೂತಿದ್ದಳು. ಪಕ್ಕದಲ್ಲಿ ಮುನಿಶಾಮಿ. ಒಳಗೆ ಒಲೆ ಹಚ್ಚಿರಲಿಲ್ಲ.

"ಮನೆ ವಿಷಯ ಬೀದಿಗೆ ತರಬಾರ್ದು ಕಣೇ."

"ಊರಿನೋರ ಮನೆ ವಿಷಯ ಎಲ್ಲಾ ತಾಲ್ಲೂಕಾಪೀಸಿಗೆ ತಗೊಂಡು ಹೋದೋನು ನೀನು. ಕೂಲಿ ಮುರಿದೋನ ಗಾಡಿ ಕದಲಬಾರ್ದು ಅಂತ ಹೇಳ್ಕೊಟ್ಟೋನೂ ನೀನೇ ಅಲ್ವೇನಯ್ಯಾ. ಒಂಬತ್ತು ಬೆಳೇದು ಕೊಡು, ಏಳ್ತೀನಿ."

"ಲೇ ಮುನಿಶಾಮಿ, ನೀನಾದ್ರೂ ಏಳೋ."

"ಹೆಂಗಣ್ಣಾ ಏಳ್ಲಿ? ರಸೀದಿ ಹರಿದು ನನ್ನನ್ನ ಸಂಘಕ್ಕೆ ಸೇರಿಸಿದ್ದೇ ನೀನು."

ಚನ್ನರಾಯಪ್ಪ ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿದ. ಮಾಲೂರಿನಲ್ಲಿ ಮೈಕು ಹಿಡಿದು, "ಕೂಲಿ ಮುರಿದವನ ಮನೆಯ ಒಲೆ ಉರಿಯಬಾರದು" ಎಂದು ಗುಡುಗಿದ. ಜನ ಐದು ನಿಮಿಷ ಚಪ್ಪಾಳೆ ಹೊಡೆದರು. ಉರಿದಿಲ್ಲವೆಂಬ ಸುದ್ದಿ ಅವನ ಹೊಟ್ಟೆಗೆ ಮಾತ್ರ ಗೊತ್ತಿತ್ತು.

ಕಾರು ಈಗಲೂ ಅಂಗಳದಲ್ಲಿದೆ. ಕೆಳಗೆ ಹಸಿರು, ಮೇಲೆ ಕೆಮ್ಮಣ್ಣಿನ ಅಸ್ತರಿ, ಒಳಗೆ ಬೈರಮ್ಮನ ಕೋಳಿಗಳು. ಬಂದವರು ರೈತ ಕೂಲಿಕಾರರ ಐಕ್ಯತೆಯನ್ನು ಮೆಚ್ಚಿ ಹೋಗುತ್ತಾರೆ. ಕೂಲಿ ಬಂದಿಲ್ಲ.

ನೀವು ನಕ್ಕಿರಿ, ಸರಿ. ಇದನ್ನು ಓದುತ್ತಾ ಕುಡಿದಿರಲ್ಲ, ಆ ಕಾಫಿ ತಂದಿಟ್ಟವರು ಯಾರು? ಅವರಿಗೆ ಎಷ್ಟು ವರ್ಷದ್ದು ಬಾಕಿ? ಪುಸ್ತಕ ಮಡಿಸಿಟ್ಟು ಅಡುಗೆಮನೆಗೆ ಹೋಗಿ ಕೇಳಿ. ಅವರು ಹೇಳಿದಷ್ಟನ್ನು ಚೌಕಾಸಿ ಮಾಡದೆ ಎಣಿಸಿ ಕೊಡಿ.