ಕರ್ನಲ್ ಆಗಲಯ್ಯ

ಆಗಲಯ್ಯ ಕೆಟ್ಟಿದ್ದು ಊಟದ ಡಬ್ಬಿ ತೊಳೆಯಲು ಹೋಗಿ.

ಅದು ನಲ್ಲಿ, ಬೇಸಿನ್ನು, ಕಮೋಡುಗಳ ಗೋದಾಮು. ಕೈಯೊಡ್ಡಿದರೆ ತಾನೇ ನೀರು ಸುರಿಸುವ ನಲ್ಲಿಗಳು ಅಟ್ಟದ ಮೇಲೆ ಡಬ್ಬಗಳೊಳಗೆ ಹಾಯಾಗಿ ಮಲಗಿದ್ದವು. ಕೆಲಸದವರು ಕೈ ತೊಳೆಯುವ ನಲ್ಲಿ ಮಾತ್ರ ನೆಗಡಿಯಾದ ಮುದುಕನ ಮೂಗಿನಂತೆ ತೊಟ್ಟಿಕ್ಕುತ್ತಿತ್ತು. ಅದರ ಕೆಳಗೆ ಡಬ್ಬಿ ಹಿಡಿದು, ಜನ್ಮ ಸವೆಸಿ, ತೊಳೆದುಕೊಂಡು ಬರುವಷ್ಟರಲ್ಲಿ ಅವನ ಕಂಪ್ಯೂಟರಿನ ಮುಂದೆ ಮೂರು ತಲೆಗಳು ಸೇರಿದ್ದವು. ಆಟ ನಿಲ್ಲಿಸದೆ ಎದ್ದು ಹೋಗಿದ್ದ ಪಾಪಿ.

ಆಗಲಯ್ಯ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಯಾರು ಏನು ಹೇಳಿದರೂ “ಆಗ್ಲಿ ಸಾರ್” ಅನ್ನುತ್ತಿದ್ದುದಕ್ಕೆ ಗೋದಾಮು ಕಟ್ಟಿದ ಹೆಸರು. ಮಾಲು ಇಳಿಸಿಕೊಳ್ಳುವವನು ಅವನು, ಎಣಿಸುವವನು ಅವನು, ಒಡೆದದ್ದಕ್ಕೆ ಬೈಸಿಕೊಳ್ಳುವವನೂ ಅವನೇ. ಸೂಪರ್‌ವೈಸರ್ ಬಿಟ್ಟುಹೋದ ಮೇಲೆ ಆ ಕೆಲಸವನ್ನೂ ಅವನೇ ಎಳೆಯುತ್ತಿದ್ದ. ಕುರ್ಚಿ ಮಾತ್ರ ಸಿಕ್ಕಿರಲಿಲ್ಲ. ಅದರ ಮೇಲೆ ಬಿರುಕು ಬಿಟ್ಟ ಬೇಸಿನ್ನೊಂದನ್ನು ಕೂರಿಸಿದ್ದರು.

ಹೊಸ ಸೂಪರ್‌ವೈಸರ್ ಯಾರೆಂದು ಗೋದಾಮಿನ ಮಾಲೀಕರಾದ ಸಾಹೇಬರು ಹೇಳುವುದು ಇವತ್ತು. ಬೆಳಿಗ್ಗೆ ಹೆಂಡತಿ ಬಾಗಿಲಿಗೆ ಅಡ್ಡ ನಿಂತು, “ಇವತ್ತಾದ್ರೂ ಬಾಯಿ ಬಿಟ್ಟು ಕೇಳ್ರೀ. ದೇವರು ಬಾಯಿ ಕೊಟ್ಟಿದ್ದು ಬರೀ ಆಕಳಿಸೋಕಲ್ಲ,” ಎಂದು ಹೇಳಿ ಕಳಿಸಿದ್ದಳು. ಅವನು ಅವಳಿಗೂ “ಆಗ್ಲಿ” ಎಂದಿದ್ದ.

ಇನ್ನು ಆಟದ ವಿಷಯ. ಅದು ಯುದ್ಧದ ಆಟ, ಆದರೆ ಸಾವಕಾಶದ ಯುದ್ಧ. ನಮ್ಮ ಸರದಿ ಬಂದಾಗ ನಮ್ಮ ಸಿಪಾಯಿಗಳನ್ನು ಒಬ್ಬೊಬ್ಬರನ್ನಾಗಿ ನಡೆಸಿ ಗುಂಡು ಹೊಡೆಸಬೇಕು. ಆಮೇಲೆ ಕೈ ಕಟ್ಟಿ ಕೂರಬೇಕು, ಶತ್ರುವಿನ ಸರದಿ. ಶತ್ರುಗಳೆಂದರೆ ಎಮ್ಮೆ ಗಾತ್ರದ ಕಬ್ಬಿಣದ ಜಿರಳೆಗಳು. ಒಂದೊಂದು ಜಿರಳೆ ಕೊಂದ ಸಿಪಾಯಿಗೂ ಬಡ್ತಿ: ಕಾರ್ಪೊರಲ್, ಸಾರ್ಜೆಂಟ್, ಕ್ಯಾಪ್ಟನ್, ಮೇಲೆ ಹೋದಂತೆ ಕಷ್ಟ, ತುತ್ತತುದಿಯಲ್ಲಿ ಕರ್ನಲ್. ಸತ್ತವನು ಸತ್ತ ಹಾಗೇ. ಹಿಂದಕ್ಕೆ ಹೋಗಿ ಬದುಕಿಸಿಕೊಳ್ಳುವ ಮಾತೇ ಇಲ್ಲ. ಬೇಕಾದರೆ ಅವನ ಬದಲಿಗೆ ಹೊಸ ಸಿಪಾಯಿಯೊಬ್ಬನನ್ನು ಕರೆಸಿಕೊಳ್ಳಬಹುದು.

ಸಿಪಾಯಿಗಳಿಗೆ ಹೆಸರಿಡುವ ಸೌಕರ್ಯವೂ ಆಟದಲ್ಲಿತ್ತು. ಅಲ್ಲೇ ಆಗಲಯ್ಯ ಎಡವಿದ್ದು. ಗೋದಾಮಿನವರನ್ನೆಲ್ಲ ದಳಕ್ಕೆ ಸೇರಿಸಿಕೊಂಡಿದ್ದ.

“ಏನಪ್ಪ ಇದು, ನಾನು ಕ್ಯಾಪ್ಟನ್ನಾ?” ಅಕೌಂಟ್ಸ್ ಅಕ್ಕ ಕನ್ನಡಕ ಏರಿಸಿ ನೋಡಿದಳು. ಮುಖದಲ್ಲಿ ಸಂತೋಷ ಮುಚ್ಚಿಡಲಾಗಲಿಲ್ಲ.

“ಅಕ್ಕ ಕ್ಯಾಪ್ಟನ್, ನಾನು ಸಾರ್ಜೆಂಟಾ? ಗುರು, ನಾನು ಈ ಗೋದಾಮಿಗೆ ಬಂದಾಗ ಅಕ್ಕ ಎಲ್ಲಿದ್ದಳು?” ವ್ಯಾನ್ ಡ್ರೈವರ್ ಮೇಜು ಕುಟ್ಟಿದ.

“ನೀನು ವ್ಯಾನ್ ಓಡ್ಸೋ ಹಾಗೇ ಯುದ್ಧಾನೂ ಮಾಡಿರ್ತೀಯ. ಸಾರ್ಜೆಂಟ್ ಕೊಟ್ಟಿದ್ದೇ ಹೆಚ್ಚು,” ಎಂದಳು ಅಕ್ಕ.

ಮೂರನೆಯ ತಲೆ ಭಾಮೈದನದು, ಅಂದರೆ ಸಾಹೇಬರ ಹೆಂಡತಿಯ ತಮ್ಮನದು. ಗೋದಾಮಿನಲ್ಲಿ ಅವನಿಗಿದ್ದ ಕೆಲಸ ಫ್ಯಾನಿನ ಕೆಳಗೆ ಕೂರುವುದು. ಬೇಸರವಾದರೆ ಇನ್ನೊಂದು ಫ್ಯಾನಿನ ಕೆಳಗೆ ಕೂರುತ್ತಿದ್ದ. ಅವನು ಪರದೆಯ ಮೇಲೆ ಬೆರಳಿಟ್ಟ.

“ನಾನು ಬರೀ ಸಿಪಾಯಿ. ಹೋಗ್ಲಿ. ಇಲ್ಲಿ ಮುರಿದ ಗೋಡೆ ಹಿಂದೆ, ಎಲ್ಲರಿಗಿಂತ ಮುಂದೆ, ಜಿರಳೆ ಬಾಯಿಗೆ ಒಡ್ಡಿರೋದು ಯಾರನ್ನ? ‘ಸಾಹೇಬ್ರು’ ಅಂತ ಬರೆದಿದೆ. ನಮ್ಮ ಭಾವನ್ನ?”

ಆಗಲಯ್ಯನ ಕೈಯಿಂದ ಡಬ್ಬಿಯ ಮುಚ್ಚಳ ಜಾರಿತು. ಮಾತು ನಿಜ. ಸಾಹೇಬರನ್ನು ಪ್ರತಿ ಯುದ್ಧದಲ್ಲೂ ಗಾಳದ ಎರೆಹುಳುವಿನಂತೆ ಮುಂದೆ ಕಟ್ಟುತ್ತಿದ್ದ. ಆದರೆ ಗುಂಡುಗಳೆಲ್ಲ ಪಕ್ಕದಲ್ಲೇ ಹೋಗುತ್ತಿದ್ದವು. ಸಾಹೇಬರು ಆಟದಲ್ಲೂ ಸಾಯಲು ಒಪ್ಪುತ್ತಿರಲಿಲ್ಲ.

ಕಂಪ್ಯೂಟರ್ ಆರಿಸಲು ಕೈ ಚಾಚಿದ. ಭಾಮೈದ ಆ ಕೈ ಹಿಡಿದ.

“ಆರಿಸಿದ್ರೆ ಭಾವಂಗೆ ಹೇಳ್ತೀನಿ. ಈಗ ಬರ್ತಾರೆ. ಅವರು ಬರೋದ್ರೊಳಗೆ ನನ್ನ ಕ್ಯಾಪ್ಟನ್ ಮಾಡ್ರೀ.”

“ಅದು ಮಾಡೋದಲ್ಲಪ್ಪ, ಆಗೋದು. ನೀನು ಜಿರಳೆ ಕೊಲ್ಲಬೇಕು. ನಿನ್ನ ಸಿಪಾಯಿಗೆ ಗುರಿಯೇ ಇಲ್ಲ.”

“ಅದು ನನ್ನ ತಪ್ಪಾ? ನಿಮ್ಮ ದಳ, ನೀವು ನೋಡ್ಕೊಳ್ಳಿ.”

ಆಗಲಯ್ಯ ಕೂತ. ಹೊರಗೆ ಆಕಾಶ ಒದ್ದೆ ಗೋಣಿಚೀಲದಂತೆ ಜೋತುಬಿದ್ದಿತ್ತು. ಮಧ್ಯಾಹ್ನಕ್ಕೇ ದೀಪ ಹಾಕಿದ್ದರು. ಸಾಲು ಕಮೋಡುಗಳು ಬಾಯಿ ತೆರೆದು ಅವನನ್ನೇ ನೋಡುತ್ತಿದ್ದವು.

ಗುರಿಯಿಲ್ಲದವನಿಗೆ ಬಡ್ತಿ ಕೊಡಿಸಲು ಒಂದೇ ಉಪಾಯ. ಗಟ್ಟಿಗನೊಬ್ಬ ಮೊದಲು ಹೊಡೆದು ಜಿರಳೆಯನ್ನು ಅರೆಜೀವ ಮಾಡಬೇಕು. ಆಮೇಲೆ ಅವನು ಕೈ ತಡೆದು, ಕೊನೆಯ ಗುಂಡನ್ನು ದಡ್ಡನಿಗೆ ಬಿಡಬೇಕು. ದಳದಲ್ಲಿ ಆ ಗಟ್ಟಿಗ ಒಬ್ಬನೇ: ಕರ್ನಲ್ ಆಗಲಯ್ಯ. ಕೆಂಪು ಟೋಪಿ, ಹುರಿ ಮೀಸೆ, ಕೆನ್ನೆಯ ಮೇಲೊಂದು ಗಾಯದ ಗುರುತು. ಊಟದ ಹೊತ್ತುಗಳನ್ನೆಲ್ಲ ಸುರಿದು ಅವನನ್ನು ಬೆಳೆಸಿದ್ದ. ಭೂಮಿಯ ಮೇಲೆ ಆಗಲಯ್ಯ ಮೇಲಕ್ಕೆ ಹತ್ತಿದ್ದ ಏಕೈಕ ಜಾಗ ಅದು.

ಕರ್ನಲ್ ಹೊಡೆದ. ಜಿರಳೆ ಕುಂಟಿತು. ಮೂರಡಿ ದೂರದಿಂದ ಭಾಮೈದ ಹೊಡೆದ, ಅದು ಬಿತ್ತು. ತುತ್ತೂರಿ ಮೊಳಗಿ ‘ಕಾರ್ಪೊರಲ್’ ಎಂದು ಬಂತು.

“ನೋಡಿದ್ರಾ! ಒಂದೇ ಏಟು!” ಭಾಮೈದ ಕುಣಿದ.

“ಎಂಜಲು ತಿಂದು ತೇಗಿದ ಹಾಗಾಯ್ತು,” ಎಂದಳು ಅಕ್ಕ. “ಆಗಲಯ್ಯ, ನನ್ನ ಆ ಕಂಬದ ಹಿಂದಕ್ಕೆ ನಿಲ್ಸಪ್ಪ. ನಂಗೆ ಮಂಡಿ ನೋವು, ಓಡಿಸಬೇಡ.”

“ಎಲ್ರೂ ಹಿಂದೆ ಹಿಂದೆ ಅಂದ್ರೆ ಗೆಲ್ಲೋದು ಯಾವಾಗ? ಬಿಡು ಇಲ್ಲಿ!” ಡ್ರೈವರ್ ಮೌಸ್ ಕಿತ್ತುಕೊಂಡು ತನ್ನ ಸಾರ್ಜೆಂಟನ್ನು ಬಯಲಿನ ನಡುಮಧ್ಯಕ್ಕೆ ಓಡಿಸಿದ. ಜಿರಳೆಗಳ ಸರದಿ ಬಂತು. ಮೂರು ಗುಂಡು ಮೂರು ಕಡೆಯಿಂದ.

ಡ್ರೈವರ್ ಪರದೆ ನೋಡಿದ, ಆಗಲಯ್ಯನನ್ನು ನೋಡಿದ. “ನಾನು ಹೋದ್ನಾ?”

“ಹೋದೆ.”

“ಇನ್ನೊಂದ್ಸಲ...”

“ಇಲ್ಲ. ಅಷ್ಟೇ.”

ಡ್ರೈವರ್ ಮೆಲ್ಲಗೆ ಹಿಂದೆ ಸರಿದು ಮಾರಾಟಕ್ಕಿಟ್ಟ ಕಮೋಡಿನ ಮೇಲೆ ಕುಸಿದ. “ಬಯಲಿಗೆ ಓಡ್ಬೇಡ ಅಂತ ಒಂದು ಮಾತು ಹೇಳಬಾರದಿತ್ತಾ,” ಎಂದು ಗೊಣಗಿದ.

“ಸತ್ತೋನು ಮಾತಾಡಬಾರದು, ಸುಮ್ನಿರು,” ಎಂದಳು ಅಕ್ಕ.

ಇನ್ನೊಂದು ಜಿರಳೆ. ಕರ್ನಲ್ ಹೊಡೆದ, ಭಾಮೈದ ಮುಗಿಸಿದ, ಸಾರ್ಜೆಂಟ್ ಆದ. ಇನ್ನು ಉಳಿದದ್ದು ಎರಡೇ. ಅವುಗಳಲ್ಲಿ ದೊಡ್ಡದು ಮುರಿದ ಗೋಡೆಯ ಹತ್ತಿರ, ಸಾಹೇಬರ ನೆತ್ತಿಯ ಮೇಲೆಯೇ ಬಂದು ನಿಂತಿತ್ತು. ಅಷ್ಟರಲ್ಲಿ ಅಂಗಳದಲ್ಲಿ ಕಾರಿನ ಬಾಗಿಲು ಧಡಾರನೆ ಬಡಿಯಿತು. ಅಕ್ಕ ಮಂಡಿ ನೋವು ಮರೆತು ತನ್ನ ಮೇಜಿಗೆ ಹಾರಿದಳು.

“ಭಾವ ಸತ್ರೆ ನಿಮ್ಮ ಕಥೆ ಮುಗೀತು,” ಭಾಮೈದ ಕಿವಿಯಲ್ಲಿ ಉಸುರಿದ. “ನಾನು ಕ್ಯಾಪ್ಟನ್ನೂ ಆಗ್ಬೇಕು.”

ದಾರಿಯೊಂದಿತ್ತು. ಕರ್ನಲ್ ಕಲ್ಲಿನ ಮರೆ ಬಿಟ್ಟು ಬಯಲಿಗೆ ಬಂದು, ದೊಡ್ಡ ಜಿರಳೆಯನ್ನು ಹತ್ತಿರದಿಂದ ಹೊಡೆಯಬೇಕು. ಅದನ್ನು ಭಾಮೈದ ಮುಗಿಸುತ್ತಾನೆ. ಆದರೆ ಉಳಿದ ಇನ್ನೊಂದು ಜಿರಳೆಗೆ ಕರ್ನಲ್ಲನ ಬೆನ್ನು ಕಾಣುತ್ತದೆ. ಆಗಲಯ್ಯ ಮೌಸಿನ ಮೇಲೆ ಬೆರಳಿಟ್ಟ. ಕೆಂಪು ಟೋಪಿಯವನು ಅಪ್ಪಣೆಗೆ ಕಾಯುತ್ತ ನಿಂತಿದ್ದ. ಅವನೂ ಯಾವತ್ತೂ ಇಲ್ಲ ಎಂದವನಲ್ಲ.

ಒತ್ತಿದ.

ಕರ್ನಲ್ ಓಡಿದ, ಹೊಡೆದ. ಭಾಮೈದ ಮುಗಿಸಿದ. ತುತ್ತೂರಿ ಮೊಳಗಿತು: ‘ಕ್ಯಾಪ್ಟನ್’. ತುತ್ತೂರಿಯ ಸದ್ದು ಅಡಗುವ ಮೊದಲೇ ಜಿರಳೆಯ ಸರದಿ ಬಂತು. ಒಂದು ಗುಂಡು. ಕರ್ನಲ್ ಮುಗ್ಗರಿಸಿ ಮೊಣಕಾಲೂರಿದ, ಮಗುಚಿಬಿದ್ದ. ಕೆಂಪು ಟೋಪಿ ಉರುಳುತ್ತ ಹೋಗಿ ಸಾಹೇಬರ ಕಾಲ ಬಳಿ ನಿಂತಿತು.

“ಏನಿದು?” ಬೆನ್ನ ಹಿಂದೆ ಸಾಹೇಬರ ದನಿ.

“ಭಾವ, ನಾನು ಕ್ಯಾಪ್ಟನ್ ಆದೆ!”

ಸಾಹೇಬರು ಬಗ್ಗಿ ನೋಡಿದರು. “ಮುಂದೆ ನಿಂತಿರೋದು ನಾನಾ? ಸಿಪಾಯಿ ಅಂತಿದೆ?”

ಸಾವಿನ ಬಾಯಲ್ಲಿ ಮನುಷ್ಯನಿಗೆ ಬುದ್ಧಿ ಬರುತ್ತದಂತೆ. “ಎಲ್ಲರಿಗಿಂತ ಮುಂದೆ ನಿಂತು ನಡೆಸೋರು ಸಾರ್. ನಿಮಗ್ಯಾಕೆ ಸಾರ್ ಬಡ್ತಿ, ಕೊಡೋರೇ ನೀವು.”

“ಹೂಂ.” ಸಾಹೇಬರ ಹುಬ್ಬು ಇಳಿಯಿತು. “ಆ ಸತ್ತು ಬಿದ್ದಿರೋನು?”

“ನಾನು ಸಾರ್.”

“ಇವನು ಕ್ಯಾಪ್ಟನ್ ಹೇಗಾದ? ಇವನಿಗೆ ನಲ್ಲಿ ಯಾವುದು, ತಿರುಪು ಯಾವುದು ಗೊತ್ತಿಲ್ಲ.”

ಹೆಂಡತಿಯ ಮಾತು ನೆನಪಾಯಿತು. ಬಾಯಿ ಬಿಡಬೇಕು. ದಳ ನಡೆಸುವುದು ತನಗೆ ಗೊತ್ತೆಂದು ಇವತ್ತು ತೋರಿಸಬೇಕು. ಆಗಲಯ್ಯ ಎದ್ದು ನಿಂತು, ಜೀವಮಾನದಲ್ಲಿ ಮೊದಲ ಸಲ ಸಾಹೇಬರೆದುರು ಪೂರಾ ಮಾತಾಡಿದ.

“ಅದೊಂದು ವಿದ್ಯೆ ಸಾರ್. ಕೆಲಸ ಗೊತ್ತಿರೋನು ಮೊದಲು ಹೊಡೀತಾನೆ. ಕಷ್ಟದ್ದೆಲ್ಲ ಅವನೇ ಮಾಡಿ ನಿಲ್ಲಿಸ್ತಾನೆ. ಕೊನೇ ಗುಂಡು ಮಾತ್ರ ದಡ್ಡನ ಕೈಲಿ ಹೊಡೆಸೋದು. ಬಡ್ತಿ ಅವನಿಗೆ ಹೋಗುತ್ತೆ. ಗಟ್ಟಿಗ ಇದ್ದಲ್ಲೇ ಇದ್ದು ಕೆಲಸ ಮಾಡ್ತಾನೇ ಇರ್ತಾನೆ. ದಳಕ್ಕೆ ಒಂದಿಷ್ಟೂ ನಷ್ಟ ಇಲ್ಲ ಸಾರ್.”

ಸಾಹೇಬರು ಪರದೆ ನೋಡಿದರು, ಭಾಮೈದನನ್ನು ನೋಡಿದರು. ಆಮೇಲೆ ಅವರ ಮುಖ ತೊಳೆದಿಟ್ಟ ಬೇಸಿನ್ನಿನಂತೆ ಬೆಳಗಿತು.

“ಭೇಷ್ ಕಣಯ್ಯ! ಇವನ್ನ ಸೂಪರ್‌ವೈಸರ್ ಮಾಡು ಮಾಡು ಅಂತ ಮನೇಲಿ ಇವನಕ್ಕ ನನ್ನ ಜೀವ ತಿಂತಾ ಇದ್ಳು. ಮಾಡಿದ್ರೆ ಗೋದಾಮು ಮುಳುಗುತ್ತಲ್ಲ ಅಂತ ನಿನ್ನ ಹೆಸರು ಹೇಳೋಣ ಅಂತಲೇ ಬಂದಿದ್ದೆ. ನೀನೇ ದಾರಿ ತೋರಿಸ್ದೆ. ಕೆಲಸ ಎಲ್ಲ ನೀನು ಮಾಡು, ಕೊನೇಲಿ ಇವನು ಸಹಿ ಹಾಕ್ಲಿ. ಏನಂತೀಯ?”

ಅಕ್ಕ ಪೆನ್ನು ಕೆಳಗಿಟ್ಟಳು. ಡ್ರೈವರ್ ಕಮೋಡಿನಿಂದ ಎದ್ದ. “ಸಾರ್, ಅದು...” ಎಂದವನು, ತಾನು ಸತ್ತದ್ದು ನೆನಪಾಗಿಯೋ ಏನೋ ಮತ್ತೆ ಅಲ್ಲೇ ಕೂತ.

ಇಲ್ಲ ಎನ್ನಲು ಆಗಲಯ್ಯ ಬಾಯಿ ತೆರೆದ. ಆ ಬಾಯಿಗೆ ಗೊತ್ತಿದ್ದದ್ದೇ ಬಂತು.

“ಆಗ್ಲಿ ಸಾರ್.”

ಸಾಹೇಬರ ಕಾರು ಹೋಯಿತು. ಹೊಸ ಸೂಪರ್‌ವೈಸರ್ ಒಡೆದ ಬೇಸಿನ್ನನ್ನು ಆಗಲಯ್ಯನ ಕೈಯಲ್ಲೇ ಎತ್ತಿಸಿ ಕುರ್ಚಿಯಲ್ಲಿ ಕೂತ. ಕಾಲ ಮೇಲೆ ಕಾಲು ಹಾಕಿ ಮೊದಲ ಅಪ್ಪಣೆ ಕೊಟ್ಟ.

“ಭಾವನ್ನ ಹಿಂದಕ್ಕೆ ಕರೆಸ್ಕೊಳ್ಳಿ, ಚೆನ್ನಾಗಿರಲ್ಲ. ಆ ಮುರಿದ ಗೋಡೆ ಹತ್ರ ಹೊಸ ಸಿಪಾಯಿ ಒಬ್ಬ ಬೇಕಲ್ಲ? ನಿಮ್ಮ ಹೆಸರೇ ಹಾಕಿಬಿಡಿ. ಹೇಗೂ ಈಗ ಖಾಲಿ ಇದೆ.”

ಜೇಬಿನಲ್ಲಿ ಫೋನು ಗುರುಗುಟ್ಟತೊಡಗಿತು. ಹೆಂಡತಿ. ಆಗಲಯ್ಯ ಅದನ್ನು ತೆಗೆಯಲಿಲ್ಲ. ಒಂದೊಂದೇ ಅಕ್ಷರ ಒತ್ತಿ ತನ್ನ ಹೆಸರು ಬರೆದ. ಮೀಸೆ ಇಲ್ಲದ, ಟೋಪಿ ಇಲ್ಲದ ಹೊಸ ಸಿಪಾಯಿಯೊಬ್ಬ ಬಂದು ಗೋಡೆಯ ಹಿಂದೆ ಮುದುರಿಕೊಂಡ. ಎದುರಿಗೆ ಜಿರಳೆ. ಪರದೆಯ ಮೂಲೆಯಲ್ಲಿ ‘ಈಗ ನಿಮ್ಮ ಸರದಿ’ ಎಂದು ಮಿನುಗುತ್ತಿತ್ತು.